ನೋವು ನಿಂತ ಕಾಲು

ವಾರ್ಡಿನ ಬಾಗಿಲು ದೂಡುತ್ತಲೇ ಸೆಂಟಿನ ವಾಸನೆ ಮೂಗಿಗೆ ಬಡಿಯಿತು. ಆಸ್ಪತ್ರೆಯಲ್ಲಿ ಸೆಂಟು ಘಮಘಮಿಸಿದರೆ ನನಗೆ ಅನುಮಾನ. ಯಾರೋ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ಅರ್ಥ. ರಜೆ ಮುಗಿಸಿ ಆವತ್ತಷ್ಟೇ ಡ್ಯೂಟಿಗೆ ಬಂದಿದ್ದೆ.

ವಾಸನೆ ಬರುತ್ತಿದ್ದುದು ಕಿಟಕಿ ಪಕ್ಕದ ಬಸ್ ಡ್ರೈವರನ ಮಂಚದಿಂದ. ಬಿದ್ದು ಬಲಗಾಲು ಮುರಿದುಕೊಂಡಿದ್ದ. ಬ್ರೇಕ್ ತುಳಿಯುವ ಕಾಲು, ಮನೆಮಂದಿಯ ಹೊಟ್ಟೆ ಹೊರೆಯುವ ಕಾಲು. ತೊಡೆಯವರೆಗೂ ಪ್ಲಾಸ್ಟರ್. ಅವನ ಅಣ್ಣ, ಇಸ್ತ್ರಿ ಶರ್ಟಿನ ದೊಡ್ಡ ಮನುಷ್ಯ, ಕಾಲ ಮೇಲಿನ ಹೊದಿಕೆಗೆ ಪುಸ್ ಪುಸ್ ಎಂದು ಸೆಂಟು ಹೊಡೆಯುತ್ತಿದ್ದ.

"ಏನ್ರೀ ಇದು?"

"ನೋಡೋಕೆ ಬಂದೋರೆಲ್ಲ ಮೂಗು ಮುಚ್ಕೊಳ್ತಾರೆ ಸಿಸ್ಟರ್. ನಮಗೂ ಮಾನ ಮರ್ಯಾದೆ ಇದೆ ಅಲ್ವಾ?"

ಇವನ ಮರ್ಯಾದೆಗಿಷ್ಟು ಬೆಂಕಿ ಬೀಳ ಎಂದುಕೊಂಡೆ.

ನನಗೆ ಡ್ಯೂಟಿ ಒಪ್ಪಿಸಬೇಕಿದ್ದ ಗೆಳತಿ ಆಗಲೇ ಬ್ಯಾಗ್ ಹೆಗಲಿಗೇರಿಸಿ ನಿಂತಿದ್ದಳು. "ಒಳಗೆ ಬೆವರಿರುತ್ತೆ ಅಷ್ಟೇ ಕಣೇ. ಮೊನ್ನೆಯೆಲ್ಲ ಕಿರುಚಿ ಕಿರುಚಿ ವಾರ್ಡನ್ನೇ ತಲೆ ಮೇಲೆ ಹೊತ್ಕೊಂಡಿದ್ದ, ಮಹಾ ನಾಟಕದವನು. ಈಗ ನೋವೇ ಇಲ್ವಂತೆ, ನಮ್ಮ ಪುಣ್ಯ."

ಬಿಗಿ ಪ್ಲಾಸ್ಟರಿನೊಳಗೆ ಕಾಲು ಊದಿದಾಗ ರೋಗಿ ಕಿರುಚುತ್ತಾನೆ. ಕಿರುಚುವವರೆಗೂ ಕಾಲಿಗೆ ಜೀವವಿದೆ. ಇದ್ದಕ್ಕಿದ್ದಂತೆ ನೋವು ಹೋದರೆ ಹೆದರಬೇಕು. ಇದನ್ನು ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತಿದ್ದೆವು.

ಹೊದಿಕೆ ಸರಿಸಿದೆ. ಸೆಂಟಿನಡಿಯಿಂದ ಕೊಳೆತ ಮಾಂಸದ ನಾತ ಎದ್ದುಬಂತು. ಬೆರಳುಗಳು ಊದಿ ನೀಲಿಗಟ್ಟಿದ್ದವು, ಮುಟ್ಟಿದರೆ ತಣ್ಣಗೆ. ಉಗುರು ಒತ್ತಿ ಬಿಟ್ಟೆ, ಬಣ್ಣ ಮರಳಲಿಲ್ಲ. ಚಿವುಟಿದೆ, ಡ್ರೈವರ್ ಅಣ್ಣನ ಜೊತೆ ಹಾಯಾಗಿ ಮಾತಾಡುತ್ತಲೇ ಇದ್ದ.

"ಬೆರಳು ಮುಟ್ಟಿ ನೋಡಿದ್ಯೇನೇ?"

"ಆ ವಾಸನೇಲಿ ಯಾರು ಹತ್ರ ಹೋಗ್ತಾರೆ?" ಎಂದು ಅವಳು ಮೂಗು ಮುರಿದಳು. ನಾತಕ್ಕಿಂತ ಆ ಮಾತಿಗೇ ನನಗೆ ವಾಕರಿಕೆ ಬಂತು.

ಡಾಕ್ಟರಿಗೆ ಫೋನ್ ಮಾಡಿದೆ. "ರೌಂಡ್ಸಿಗೆ ಬಂದಾಗ ನೋಡೋಣಮ್ಮ" ಎಂದರು.

"ಕಾಲು ತಣ್ಣಗಾಗಿದೆ, ಚಿವುಟಿದ್ರೂ ಗೊತ್ತಾಗ್ತಿಲ್ಲ, ನಾತ ಹೊಡೀತಿದೆ. ಈಗಲೇ ಬನ್ನಿ ಸಾರ್. ಇಲ್ಲಾಂದ್ರೆ ದೊಡ್ಡ ಡಾಕ್ಟರಿಗೇ ಫೋನ್ ಮಾಡ್ತೀನಿ."

ಗೊಣಗುತ್ತಲೇ ಬಂದರು. ಅಷ್ಟರಲ್ಲಿ ಪ್ಲಾಸ್ಟರ್ ಕತ್ತರಿಸುವ ಗರಗಸವನ್ನು ನಾನು ಮಂಚದ ಪಕ್ಕಕ್ಕೆ ತಂದಿಟ್ಟಿದ್ದೆ. ಗೆಳತಿ ಬ್ಯಾಗ್ ಕೆಳಗಿಟ್ಟು ಮಂಚದ ಹತ್ತಿರ ಬಂದಿದ್ದಳು.

ಪ್ಲಾಸ್ಟರ್ ಬಿರಿಯುತ್ತಲೇ ಅಣ್ಣ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೊರಗೋಡಿದ. ಮೀನಖಂಡ ಕಪ್ಪಗಾಗಿತ್ತು, ಕೀವು ಹಾಸಿಗೆಗೆ ಇಳಿಯಿತು. ಡಾಕ್ಟರ ಗೊಣಗಾಟ ನಿಂತಿತು. ಇಷ್ಟು ಜನ ಓಡಾಡುವ ಜಾಗದಲ್ಲಿ ಒಂದು ಕಾಲು ಕೊಳೆತುಹೋಗಿತ್ತು. ನಮ್ಮೆಲ್ಲರ ಮೇಲೂ ನನಗೆ ಹೇಸಿಗೆಯಾಯಿತು.

ಡ್ರೈವರನಿಗೆ ಕಾಣದಂತೆ ನಾನು ಅಡ್ಡ ನಿಂತೆ.

"ಬೆರಳು ಆಡಿಸಪ್ಪ" ಎಂದರು ಡಾಕ್ಟರು, ಮೆತ್ತಗೆ.

ಅವನು ಹಲ್ಲು ಕಚ್ಚಿ, ಹಣೆ ಬಿಗಿದ. ನಾವು ಮೂವರೂ ಬೆರಳುಗಳನ್ನೇ ನೋಡಿದೆವು. ಒಂದೂ ಕದಲಲಿಲ್ಲ.

"ಆಡ್ತಾ ಇದೆಯಲ್ಲ ಸಾರ್" ಎಂದ ಖುಷಿಯಾಗಿ. "ನೋಡಿ, ಒಂಚೂರೂ ನೋವಿಲ್ಲ."