ಲಮೈ ಅಮ್ಮನ ಮಾಲೆ

ಮೂವತ್ತು ವರ್ಷ ರಾಜಕುಮಾರನಾಗಿ ಮೆರೆದ ವಿಚಿಯನ್, ಆ ಸಂಜೆ ಮೊದಲ ಸಲ ರಾಜಕುಮಾರನ ಅಪ್ಪನ ಗಡ್ಡ ಅಂಟಿಸಿಕೊಂಡ. ಮಂಡಿನೋವು, ಒಡೆದ ಗಂಟಲು, ಲಾರಿಯಲ್ಲಿ ಊರೂರು ಸುತ್ತಿ ಹಣ್ಣಾದ ಸೊಂಟ, ಎಲ್ಲ ಸಾಕೆನಿಸಿತ್ತು. ಆದರೆ ಹೋಗುವುದೆಲ್ಲಿಗೆ? ಹಾಡು ಬಿಟ್ಟರೆ ಅವನಿಗೆ ಅನ್ನ ಬೇಯಿಸಿಕೊಳ್ಳಲೂ ಬರುತ್ತಿರಲಿಲ್ಲ.

ಲಿಕೇ ಎಂಬ ಥಾಯ್ ಬಯಲಾಟದ ಆ ಮೇಳದ ಯಜಮಾನಿ ಸಂಗ್ವಾನ್ ಬಂದು ಅವನ ಬೆನ್ನ ಹಿಂದೆ ನಿಂತಳು.

"ಬೇಜಾರು ಮಾಡ್ಕೋಬೇಡ ಅಣ್ಣಾ. ಜನ ಮೆಚ್ಚಿ ಮಾಲೆ ಹಾಕದ ಕೊರಳನ್ನ ಎಷ್ಟು ದಿನ ಅಂತ ಹೊತ್ಕೊಂಡು ತಿರುಗ್ಲಿ? ಇವತ್ತು ಒಂದಾದ್ರೂ ಬಿದ್ರೆ ಮುಂದಿನ ವರ್ಷಾನೂ ನೀನಿರು."

"ಲಮೈ ಅಮ್ಮ ಬರ್ತಾಳೆ."

"ಬದುಕಿದ್ರೆ ಬರ್ತಾಳೆ ಬಿಡು."

ಲಮೈ ಅವನ ಮೇ ಯೋಕ್, ಹೆರದೆಯೂ ಮಾಲೆ ಹಾಕಿ ಮಗನೆನ್ನುವ ತಾಯಿ. ಹೆತ್ತವಳು ಅವನ ಆಟ ಒಂದನ್ನೂ ನೋಡಿರಲಿಲ್ಲ. ಇವಳು ಈ ಆಂಗ್ ಥೊಂಗ್ ಊರಿನಲ್ಲಿ ನಡೆದ ಒಂದನ್ನೂ ಬಿಟ್ಟಿರಲಿಲ್ಲ.

ಬಂದಳು. ಎರಡೂ ಕಣ್ಣಿಗೆ ಪೊರೆ. ರಾಜಕುಮಾರನ ವೇಷದ ಹುಡುಗ ಥನಾ ಮಿಣಮಿಣ ಮಿಂಚುತ್ತಾ ರಂಗಕ್ಕೆ ಬಂದದ್ದೇ ತಡ, ಚಾಪೆಯಿಂದೆದ್ದು ತಡವರಿಸುತ್ತಾ ಹೋಗಿ ಅವನ ಕೊರಳಿಗೆ ಮಲ್ಲಿಗೆ ಮಾಲೆ ಹಾಕಿದಳು.

"ವಿಚಿಯನ್, ಇನ್ನೂ ಹಾಗೇ ಇದ್ದೀಯಲ್ಲೋ ಮಗನೇ. ವಯಸ್ಸೇ ಆಗಲ್ವಾ ನಿಂಗೆ?"

ಥನಾ ತಬ್ಬಿಬ್ಬಾದ. ಸಿಂಹಾಸನದ ಮೇಲಿದ್ದ ವಿಚಿಯನ್‌ಗೆ ಹೊಟ್ಟೆ ಉರಿದುಹೋಯಿತು. ಅವಳು ಮಾಲೆ ಹಾಕಿದಾಗಲೆಲ್ಲ ತಾನು ಹಾಡುತ್ತಿದ್ದ ತಾಯಿಯ ಹಾಡನ್ನು ಅಲ್ಲಿಂದಲೇ ಎತ್ತಿಕೊಂಡ. ಕಣ್ಣು ಹೋದರೇನು, ಕಿವಿ ಇದೆಯಲ್ಲ.

ಲಮೈ ಕಿವಿಗೊಟ್ಟು ಕೇಳಿದಳು. ಮುಖ ಗಂಟಿಕ್ಕಿತು.

"ಯಾವನಯ್ಯಾ ಅವನು ಮುದುಕ? ನನ್ನ ಮಗನ ಹಾಡು ಕದ್ದು ಹಾಡ್ತಾನೆ. ಗಂಟಲು ಇಲ್ದಿದ್ರೂ ಆಸೆ ನೋಡು."

ಇದೂ ಆಟದಲ್ಲಿದೆಯೆಂದು ಜನ ಗೊಳ್ಳೆಂದು ನಕ್ಕರು. ಥನಾನ ಕೈ ಮಾಲೆ ತೆಗೆಯಲು ಮೇಲೇರಿತು. ಪರದೆಯ ಸಂದಿಯಲ್ಲಿ ಸಂಗ್ವಾನ್ ನೋಡುತ್ತಿದ್ದಳು. ಗಡ್ಡ ಕಿತ್ತು 'ನಾನೇ ಅಮ್ಮಾ' ಎಂದರೆ ಮುಗಿಯಿತು, ಮಾಲೆ ತನ್ನದು. ವಿಚಿಯನ್ ಗಡ್ಡದ ಅಂಚಿಗೆ ಬೆರಳು ಹಾಕಿಯೂ ಬಿಟ್ಟಿದ್ದ.

ಅಷ್ಟರಲ್ಲಿ ಲಮೈಯ ಮುಖ ಕಂಡಿತು. ಮೊದಲ ವರ್ಷ ತನ್ನನ್ನು ನೋಡಿ ಹೇಗೆ ಅರಳಿತ್ತೋ ಹಾಗೇ ಥನಾನ ಕಡೆ ಅರಳಿತ್ತು. ಈಗ ಗಡ್ಡ ಕಿತ್ತರೆ ಅವಳಿಗೆ ಸಿಗುವುದು ಈ ಮುದುಕ. ಅವಳ ಮಗ ಸತ್ತಂತೆಯೇ. ಅವನು ಕೈ ಇಳಿಸಿದ. ಥನಾನಿಗೂ ಬೇಡವೆಂದು ಕಣ್ಸನ್ನೆ ಮಾಡಿದ.

"ತಪ್ಪಾಯ್ತು ತಾಯಿ," ಎಂದ. "ನಿಮ್ಮ ಮಗನ ಹಾಡು ಇನ್ನು ಹಾಡಲ್ಲ."

"ಹಾಗೆ ದಾರಿಗೆ ಬಾ. ಮಗನೇ, ನೀನು ಹಾಡು."

ಥನಾನಿಗೆ ಆ ಹಾಡು ಬರುತ್ತಿರಲಿಲ್ಲ. ವಿಚಿಯನ್ ಮಂಡಿ ಹಿಡಿದುಕೊಂಡು ಸಿಂಹಾಸನದಿಂದ ಇಳಿದು, ಹುಡುಗನ ಬೆನ್ನ ಹಿಂದೆ ನಿಂತು, ಒಂದೊಂದೇ ಸಾಲು ಪಿಸುಗುಟ್ಟಿ ಹೇಳಿಕೊಟ್ಟ.