ಶಂಭುಲಿಂಗಪ್ಪ ಮೇಷ್ಟ್ರು ಶುಗರ್ ಪಾಸಾದ ಕಥೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಇಟ್ಟಮಡು ಪಾರ್ಕಿನ ಶಾಮಿಯಾನದಿಂದಲೇ? ಭಾನುವಾರ ಬೆಳಗ್ಗೆ ಅಲ್ಲಿ ಉಚಿತ ಬಿಪಿ, ಶುಗರ್ ತಪಾಸಣೆ. ಹಾಗೆ ಶುರು ಮಾಡಿದರೆ ಯಾವುದೋ ಕರಪತ್ರ ಅಂದುಕೊಂಡು ಪುಟ ತಿರುಗಿಸುತ್ತೀರಿ. (ನಾನಾಗಿದ್ದರೂ ತಿರುಗಿಸುತ್ತಿದ್ದೆ.)

೨

ಸರಿ, ಹಾಗಲಕಾಯಿಯಿಂದ ಶುರು ಮಾಡೋಣ. ಶಂಭುಲಿಂಗಪ್ಪನವರು ರಿಟೈರ್ಡ್ ಗಣಿತದ ಮೇಷ್ಟ್ರು. ಕ್ಯಾಂಪ್ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮನೆಯಲ್ಲಿ ಪ್ರಿಪರೇಷನ್ ಆರಂಭ. ಬೆಳಗ್ಗೆ ಹಾಗಲಕಾಯಿ ಜ್ಯೂಸ್, ಸಂಜೆ ನೆನೆಸಿದ ಮೆಂತ್ಯ, ಅನ್ನ ಬಂದ್, ಕಾಫಿಗೆ ಸಕ್ಕರೆ ಬಂದ್. ಹೆಂಡತಿ ಶಾಂತಾದೇವಿಗೂ ಅದೇ ಸಿಲಬಸ್.

“ರೀ, ಇದೇನು ಎಸ್ಸೆಸ್ಸೆಲ್ಸಿನಾ?”

“ಪಾಸಾಗ್ಬೇಕೋ ಬೇಡ್ವೋ?” ಎಂದರು ಮೇಷ್ಟ್ರು.

(ಇಲ್ಲಿ ಒಂದು ಪ್ಯಾರಾ ಹಾಸ್ಯವಿತ್ತು. ನನಗೇ ನಗು ಬರಲಿಲ್ಲ, ಡಿಲೀಟ್ ಮಾಡಿದೆ.)

೩

ಪಾಸಾದರು! ಬೆರಳು ಚುಚ್ಚಿಸಿಕೊಂಡು, ನಾರ್ಮಲ್ ಅನ್ನಿಸಿಕೊಂಡು, ಸಿಕ್ಕಸಿಕ್ಕವರನ್ನೆಲ್ಲ “ನಿಮ್ದೆಷ್ಟು ಬಂತು?” ಎಂದು ಕೇಳುತ್ತಾ ಓಡಾಡಿದರು. ಕಥೆ ಮುಗಿಯಿತೆಂದು ನಾನೂ ಲ್ಯಾಪ್‌ಟಾಪ್ ಮುಚ್ಚಿದೆ.

ಆಗ ಶಾಂತಾದೇವಿ ನನ್ನನ್ನು ಒಂದು ಮಾತೂ ಕೇಳದೆ ಕ್ಯಾಂಪಿನ ಡಾಕ್ಟರ್ ಶಾಲಿನಿಯ ಟೇಬಲ್ಲಿಗೆ ಹೋಗಿಬಿಟ್ಟರು.

“ಡಾಕ್ಟ್ರೇ, ಮೊನ್ನೆ ಜಯನಗರ ಕಾಂಪ್ಲೆಕ್ಸ್ ಹತ್ರ ಇವರ ಕಾಲಿಂದ ಚಪ್ಪಲಿ ಕಳಚಿಬಿತ್ತು. ಇವರಿಗೆ ಗೊತ್ತೇ ಆಗ್ಲಿಲ್ಲ, ಹಂಗೇ ನಡ್ಕೊಂಡ್ ಹೋಗ್ತಿದ್ರು. ಅವತ್ತಿಂದ ನಂಗೆ ನಿದ್ದೆ ಇಲ್ಲ.”

ಡಾಕ್ಟರ್ ಮೇಷ್ಟ್ರನ್ನು ಕರೆದು ಕೂರಿಸಿದರು. ಹಾಗಲಕಾಯಿ ವೃತ್ತಾಂತ ಕೇಳಿ ನಕ್ಕರು.

“ಇವತ್ತಿನ ಶುಗರ್ ನಾರ್ಮಲ್ಲೇ ಸಾರ್. ಆದ್ರೆ ಮೂರು ತಿಂಗಳ ಸರಾಸರಿ ತೋರ್ಸೋ ಬ್ಲಡ್ ಟೆಸ್ಟ್ ಇದೆ. ಅದು ಪರೀಕ್ಷೆ ಥರ ಅಲ್ಲ, ಅಟೆಂಡೆನ್ಸ್ ಥರ. ಹಿಂದಿನ ದಿನ ಓದಿದ್ರೆ ನಡಿಯಲ್ಲ.”

ಮೇಷ್ಟ್ರು ನನ್ನ ಕಡೆ ತಿರುಗಿದರು. “ಏನ್ರೀ ಕಥೆಗಾರ್ರೇ, ಔಟ್ ಆಫ್ ಸಿಲಬಸ್ ಕೇಳ್ತಿದ್ದಾರೆ! ಆ ಚಪ್ಪಲಿ ಪ್ಯಾರಾ ತೆಗೀರಿ.”

“ಅದು ನಾನು ಬರೆದಿದ್ದಲ್ಲ ಸಾರ್. ನಿಮ್ಮನೆಯವ್ರು ಹೇಳಿದ್ದು.”

೪

ಕಣ್ಣು ಮುಚ್ಚಿಕೊಳ್ಳಿ, ತೆಳ್ಳಗಿನ ನೈಲಾನ್ ಎಳೆಯಿಂದ ಅಂಗಾಲು ಮುಟ್ಟುತ್ತೇನೆ, ಗೊತ್ತಾದಾಗ ಹೇಳಿ ಎಂದರು ಡಾಕ್ಟರ್.

ಮೇಷ್ಟ್ರು ಸಖತ್ತಾಗಿ ಉತ್ತರಿಸಿದರು. “ಹ್ಞೂಂ.” ಸ್ವಲ್ಪ ಬಿಟ್ಟು, “ಹ್ಞೂಂ.” ಮತ್ತೆ ಸ್ವಲ್ಪ ಬಿಟ್ಟು, “ಹ್ಞೂಂ, ಈಗ ಹೆಬ್ಬೆಟ್ಟಿಗೆ.”

ಡಾಕ್ಟರ್ ಆ ಎಳೆಯನ್ನು ಆಗಲೇ ಟೇಬಲ್ ಮೇಲೆ ಇಟ್ಟಿದ್ದರು. ಅದನ್ನು ಶಾಂತಾದೇವಿ ನೋಡಿದರು. ನಾನೂ ನೋಡಿದೆ. ಶಾಂತಾದೇವಿ ಬಗ್ಗಿ, ಗಂಡನ ಕಾಲಿನ ಹೆಬ್ಬೆರಳನ್ನು ಮೆಲ್ಲಗೆ ಮುಟ್ಟಿದರು.

ಈ ಸಲ ಮೇಷ್ಟ್ರು ಏನೂ ಹೇಳಲಿಲ್ಲ.

“ಶುಗರ್ ಹಳೇದಾದ್ರೆ ಪಾದದ ಸ್ಪರ್ಶ ಹೋಗತ್ತೆ. ಗಾಯ ಆದ್ರೂ ಇವರಿಗೆ ಗೊತ್ತಾಗಲ್ಲಮ್ಮ, ಅದೇ ಡೇಂಜರ್” ಎಂದರು ಡಾಕ್ಟರ್. “ಈಗ್ಲೇ ನೋಡ್ಕೊಂಡ್ರೆ ಕಾಲು ಉಳಿಸ್ಕೋಬಹುದು.”

೫

ಈಗ ಕೊನೆಗಳು. ಬೇಕಾದ್ದು ಆರಿಸಿಕೊಳ್ಳಿ.

ಮೊದಲನೆಯದರಲ್ಲಿ ಬ್ಲಡ್ ರಿಪೋರ್ಟ್ ಫಸ್ಟ್ ಕ್ಲಾಸ್. ಚಪ್ಪಲಿ ಲೂಸ್ ಇತ್ತು, ಅಷ್ಟೇ. ಎಲ್ಲರೂ ಮಸಾಲೆ ದೋಸೆ ತಿನ್ನುತ್ತಾರೆ. (ಇದನ್ನು ನೀವು ನಂಬುವುದಿಲ್ಲ, ನಾನೂ ನಂಬುವುದಿಲ್ಲ.)

ಇನ್ನೊಂದರಲ್ಲಿ ಮೇಷ್ಟ್ರ ಅಂಗಾಲಿನಲ್ಲಿ ಯಾರೂ ನೋಡದ ಒಂದು ಗಾಯವಿದೆ. ಅದನ್ನು ಅರ್ಧ ಟೈಪ್ ಮಾಡಿದ್ದೆ. ಶಾಂತಾದೇವಿ ಬಂದು ನನ್ನ ಕೈ ಹಿಡಿದುಕೊಂಡರು.

“ನೋಡಪ್ಪ, ಕೊನೆ ಗಿನೆ ಏನೂ ಬರೀಬೇಡ. ಆ ಮಾತು ಕೇಳಿದ್ರೇ ನಂಗೆ ಜೀವ ಬಾಯಿಗೆ ಬರತ್ತೆ. ನಾಳೆ ಇವರ ರಕ್ತ ಕೊಡ್ಬೇಕು. ದಿನಾ ಇವರ ಕಾಲು ನೋಡ್ಬೇಕು. ನಮಗೆ ಮಾಡೋಕೆ ತುಂಬ ಕೆಲಸ ಇದೆ.”

“ಶಾಂತಾ, ನಾನು ಫೇಲಾ?” ಮೇಷ್ಟ್ರು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

“ಕಣ್ಣು ಬಿಡ್ರೀ. ನಾನಿದೀನಿ. ನಡೀರಿ.”

ಅವರಿಬ್ಬರೂ ಪಾರ್ಕಿನ ಗೇಟು ದಾಟುತ್ತಿದ್ದಾರೆ. ಆಕೆ ಗಂಡನ ತೋಳು ಹಿಡಿದುಕೊಂಡು, ಅವರ ಪಾದ ಎಲ್ಲಿ ಬೀಳುತ್ತಿದೆ ಎಂದೇ ನೋಡುತ್ತಾ ನಡೆಯುತ್ತಿದ್ದಾರೆ. ಕಥೆಗೆ ಇನ್ನೂ ಒಂದು ಪ್ಯಾರಾ ಬೇಕಿತ್ತು. ನಾನು ಅವರನ್ನು ಕೂಗಲಿಲ್ಲ. ನೀವೂ ಕೂಗಬೇಡಿ.