ಅತ್ತೆಯ ಸಿ, ಸೊಸೆಯ ಪೈಥಾನ್

ಅಣೆಕಟ್ಟಿನ ಗೇಟುಗಳನ್ನು ಎಷ್ಟು ತೆರೆಯಬೇಕೆಂದು ಲೆಕ್ಕ ಹಾಕುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದವಳು ನಾನು. ಹೊಳೆ ಎಷ್ಟೇ ತುಂಬಿ ಬಂದರೂ ಅದು ಒಮ್ಮೆಯೂ ತಪ್ಪು ಉತ್ತರ ಕೊಟ್ಟಿಲ್ಲ. ಜಂಬ ಎನ್ನುವವರು ಎನ್ನಲಿ, ನನಗೆ ಜಂಬವಿದೆ. ನಾನು ನಿವೃತ್ತಳಾಗುವ ಹೊತ್ತಿಗೆ ಸರಿಯಾಗಿ ಕಚೇರಿಗೆ ಹೊಸ ವ್ಯವಸ್ಥೆ ಬಂತು, ಪೈಥಾನ್ ಎಂಬ ಈಗಿನ ಕಾಲದ ಕಂಪ್ಯೂಟರ್ ಭಾಷೆಯಲ್ಲಿ. ಬರೆಯುತ್ತಿದ್ದವಳು ಬೇರೆ ಯಾರೂ ಅಲ್ಲ, ನನ್ನ ಸೊಸೆ.

"ಹಳೇದನ್ನ ಕಿತ್ತು ಬಿಸಾಕಿ, ಎಲ್ಲಾ ಹೊಸದಾಗಿ ಬರೀರಿ," ಎಂದರು ಮುಖ್ಯ ಎಂಜಿನಿಯರ್. ಸೊಸೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ತನ್ನ ಪೈಥಾನ್ ನೀರಿನ ಮಟ್ಟವನ್ನು ನನ್ನ ಸಿ ಕೋಡಿಗೆ ಕೊಟ್ಟು ಉತ್ತರ ಕೇಳಿ ಪಡೆಯುತ್ತದೆ, ಲೆಕ್ಕವನ್ನು ಮುಟ್ಟುವುದೇ ಬೇಡ ಎಂದು ವಾದಿಸಿದಳು.

"ಸರಿ," ಎಂದರು ಅವರು, "ಬೆಳಿಗ್ಗೆಯಿಂದ ಆಫೀಸು ಮುಚ್ಚೋ ತನಕ ನಿಲ್ಲದೆ ಓಡಲಿ. ಎರಡು ಅವಕಾಶ ಕೊಡ್ತೀನಿ. ಆಮೇಲೂ ನಿಂತರೆ ಹಳೇದು ಕಸದ ಬುಟ್ಟಿಗೆ."

ಮೊದಲ ದಿನ ಊಟದ ಹೊತ್ತಿಗೇ ಕಂಪ್ಯೂಟರ್ ಮುಗ್ಗರಿಸಿತು. ಉತ್ತರಗಳೆಲ್ಲ ಸರಿ, ಆದರೆ ಮೆಮೊರಿ ಭರ್ತಿ. ಮುಖ್ಯ ಎಂಜಿನಿಯರ್ ನನ್ನತ್ತ ನೋಡಿದ ನೋಟಕ್ಕೆ ಮೈಯೆಲ್ಲ ಉರಿಯಿತು. ಸೊಸೆಯ ಪಕ್ಕದಲ್ಲಿ ಕುರ್ಚಿ ಎಳೆದು ಕುಳಿತೆ.

"ಉತ್ತರ ಇಡೋಕೆ ನನ್ನ ಕೋಡು ಪ್ರತಿ ಸಲ ಒಂದಿಷ್ಟು ಮೆಮೊರಿ ತಗೊಂಡು ನಿನ್ನ ಕೈಗೆ ಕೊಡುತ್ತೆ. ಓದಿದ್ಮೇಲೆ ವಾಪಸ್ ಕೊಡ್ತಿದ್ದೀಯಾ?"

"ನಾನ್ಯಾಕೆ ಕೊಡ್ಲಿ ಅತ್ತೆ? ಪೈಥಾನಲ್ಲಿ ಅದು ತಾನಾಗೇ ಆಗುತ್ತೆ. ಇಲ್ಲೂ ನಿಮ್ಮ ಕೋಡೇ ನೋಡ್ಕೊಳ್ಳುತ್ತೆ ಅಂದ್ಕೊಂಡೆ."

"ಸಿಯಲ್ಲಿ ತಾನಾಗೇ ಏನೂ ಆಗಲ್ಲ ತಾಯಿ! ನೀನು ಕೊಡ್ತೀಯ ಅಂತ ನಾನಂದ್ಕೊಂಡೆ."

ಮುಖ ಮುಖ ನೋಡಿಕೊಂಡು ನಕ್ಕುಬಿಟ್ಟೆವು. ಮನೆಯಲ್ಲಿ ಒಲೆಯ ಮೇಲಿನ ಹಾಲು ಉಕ್ಕುವುದೂ ಹೀಗೆಯೇ. ಅವಳು ನೋಡುತ್ತಾಳೆಂದು ನಾನು, ನಾನು ನೋಡುತ್ತೇನೆಂದು ಅವಳು.

ಮೆಮೊರಿ ಬಿಟ್ಟುಕೊಡುವ ಪುಟ್ಟ ಫಂಕ್ಷನ್ ನಾನು ಬರೆದೆ. ಉತ್ತರ ಓದಿದ ಕೂಡಲೇ ಅದನ್ನು ಕರೆಯುವ ಸಾಲನ್ನು ಅವಳು ಸೇರಿಸಿದಳು. ಮರುದಿನ ಇಬ್ಬರಿಗೂ ಊಟ ಸೇರಲಿಲ್ಲ. ಪರದೆಯ ಮೇಲೆ ಮೆಮೊರಿಯ ಗೆರೆ ಏರಲೇ ಇಲ್ಲ, ಸಂಜೆಯವರೆಗೂ ಮಟ್ಟಸವಾಗಿತ್ತು.

ಮುಖ್ಯ ಎಂಜಿನಿಯರ್ ಬಂದು ನೋಡಿ ಗಲ್ಲ ಕೆರೆದುಕೊಂಡರು. "ಓಡ್ತಿದೆ, ಒಪ್ಪಿದೆ. ಆದ್ರೆ ಮೇಡಂ ಹೋದ್ಮೇಲೆ ಈ ಸಿ ಕೆಟ್ಟರೆ ಯಾರು ನೋಡೋರು? ಇಟ್ಕೊಂಡು ಏನು ಮಾಡ್ಲಿ?"

 

"ನಾನು ನೋಡ್ತೀನಿ ಸಾರ್," ಎಂದಳು ಸೊಸೆ.

"ನಿಮಗೆ ಸಿ ಬರುತ್ತಾ?"

"ಬರಲ್ಲ. ಅತ್ತೆ ಮನೇಲೇ ಇರ್ತಾರಲ್ಲ, ಬೈಸ್ಕೊಂಡು ಕಲೀತೀನಿ."

ಹೆಮ್ಮೆ ತೋರಿಸಿಕೊಳ್ಳದೆ, "ಹಾಗಾದ್ರೆ ಇವತ್ತೇ ಶುರು, ಚೀಲ ತಗೋ, ನಡಿ," ಎಂದು ಗದರಿದೆ.